ಸಹಿ ಹಾಕುವ ಮುಂಚೆ ವಕೀಲರನ್ನು ನೋಡು

ಜಮೀನಿಗೆ ಸ್ವಾಧೀನದ ನೋಟಿಸ್ ಬಂತೆಂದರೆ ಊರಲ್ಲಿ ಎರಡು ಮಾತು ಹುಟ್ಟುತ್ತವೆ ತಮ್ಮಾ. "ಸರ್ಕಾರದ ಎದುರು ಯಾರು ಗೆದ್ದಿದ್ದಾರೆ, ಕೊಟ್ಟಷ್ಟು ತಗೋ" ಅನ್ನುವುದು ಒಂದು. "ನೋಟಿಸ್ ತಗೊಳ್ಳಲೇಬೇಡ, ಅವರೇನೂ ಮಾಡೋಕಾಗಲ್ಲ" ಅನ್ನುವುದು ಇನ್ನೊಂದು. ಎರಡನ್ನೂ ನಂಬಬೇಡ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಬಿಡುವುದಿಲ್ಲವೆಂದು ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 2025ರ ಜುಲೈನಲ್ಲಿ ಮುಖ್ಯಮಂತ್ರಿಯ ಬಾಯಿಂದಲೇ ಸ್ವಾಧೀನ ಕೈಬಿಟ್ಟೆವು ಎಂದು ಹೇಳಿಸಿದರು. ಇನ್ನು ನೋಟಿಸ್ ಬೇಡವೆಂದರೆ ಅದನ್ನು ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಅಷ್ಟೆ. ವಾಯಿದೆಯ ದಿನಗಳು ನಿನಗಾಗಿ ಕಾಯುವುದಿಲ್ಲ.

ನೋಟಿಸ್ ಕೈಗೆ ಬಂದ ಕೂಡಲೇ ಅದು ಯಾವ ಕಾಯಿದೆಯ ಕೆಳಗೆ ಬಂದಿದೆ ಎಂದು ನೋಡು. ಹೆದ್ದಾರಿಗೆ ಹೋಗುವ ಜಮೀನಾದರೆ ತಕರಾರು ಸಲ್ಲಿಸಲು ಅಧಿಸೂಚನೆ ಪ್ರಕಟವಾದಲ್ಲಿಂದ ಇಪ್ಪತ್ತೊಂದೇ ದಿನ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನೋಟಿಸಾದರೆ ಅದು ತಲುಪಿದ ದಿನದಿಂದ ಮೂವತ್ತು ದಿನ. 2013ರ ಭೂಸ್ವಾಧೀನ ಕಾಯಿದೆಯಾದರೆ ಅರವತ್ತು ದಿನ. ತಕರಾರನ್ನು ಬಾಯಲ್ಲಿ ಹೇಳಿ ಬಂದರೆ ಏನೂ ಹೇಳದಂತೆಯೇ ಲೆಕ್ಕ. ಬರೆದು ಕೊಡು, ನಿನ್ನ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಬಾ.

ವಕೀಲರ ಬಳಿ ಬರಿಗೈಯಲ್ಲಿ ಹೋಗಬೇಡ. ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ), ವಂಶವೃಕ್ಷ ಎಲ್ಲ ತೆಗೆಸಿಟ್ಟುಕೋ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆಗೆ ಇವತ್ತೇ ಅರ್ಜಿ ಹಾಕು. ಅಕ್ಕತಂಗಿಯರ ಪಾಲನ್ನು ಮುಚ್ಚಿಟ್ಟರೆ ಪರಿಹಾರದ ದುಡ್ಡು ಕೋರ್ಟಿನ ಠೇವಣಿಗೆ ಹೋಗುತ್ತದೆ, ಮನೆಮಂದಿ ವರ್ಷಗಟ್ಟಲೆ ಬಡಿದಾಡುತ್ತಾರೆ. ಅವರನ್ನು ಮೊದಲೇ ಕೂರಿಸಿ ಮಾತಾಡು.

ಇನ್ನು ಅಳತೆಯ ದಿನ. ಆ ದಿನ ಏನೇ ಕೆಲಸವಿರಲಿ, ಹೊಲದಲ್ಲೇ ಇರು. ಸರ್ವೆಯವರ ಜೊತೆ ಬದುವಿನುದ್ದಕ್ಕೂ ನಡೆ. ಬೋರ್‌ವೆಲ್, ಪಂಪ್‌ಸೆಟ್, ಪೈಪ್‌ಲೈನ್, ದನದ ಕೊಟ್ಟಿಗೆ, ಎಷ್ಟು ತೆಂಗು ಫಸಲಿಗೆ ಬಂದಿವೆ, ಎಷ್ಟು ಇನ್ನೂ ಸಸಿ ಎಂಬುದೆಲ್ಲ ಮಹಜರಿನಲ್ಲಿ ಬರಬೇಕು. ನೀರಾವರಿ ತೋಟವನ್ನು ಖುಷ್ಕಿ ಎಂದು ಬರೆದಿದ್ದರೆ ಅಲ್ಲಿಯೇ ತಡೆದು ತಿದ್ದಿಸು. ತಿದ್ದದಿದ್ದರೆ ಸಹಿಯ ಪಕ್ಕದಲ್ಲೇ ನಿನ್ನ ಆಕ್ಷೇಪಣೆ ಬರೆ. ಮರಗಳ, ಮನೆಯ, ಬಾವಿಯ ಫೋಟೊ ತಾರೀಖಿನ ಸಮೇತ ಇಟ್ಟುಕೋ. ಮುಂದೆ ವಕೀಲರು ಎಷ್ಟೇ ಜಾಣರಿರಲಿ, ಮಹಜರಿನಲ್ಲಿ ಬಿಟ್ಟುಹೋದ ಮರಕ್ಕೆ ಬೆಲೆ ಕಟ್ಟಿಸುವುದು ಬಹಳ ಕಷ್ಟ.

ಬೆಲೆಯ ವಿಚಾರಕ್ಕೆ ಬಂದರೆ, 2013ರ ಕಾಯಿದೆ ಸುತ್ತಮುತ್ತಲ ಹಿಂದಿನ ಮೂರು ವರ್ಷದ ಕ್ರಯಪತ್ರಗಳನ್ನು ನೋಡಿ, ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧವನ್ನು ಆರಿಸಿ ಸರಾಸರಿ ತೆಗೆಯುತ್ತದೆ. ಮಾರ್ಗಸೂಚಿ ಬೆಲೆ ಅದಕ್ಕಿಂತ ಜಾಸ್ತಿಯಿದ್ದರೆ ಅದೇ ಲೆಕ್ಕಕ್ಕೆ. ಹಳ್ಳಿಯ ಜಮೀನಿಗೆ ಆ ಬೆಲೆಯನ್ನು ಎರಡರಷ್ಟರವರೆಗೆ ಏರಿಸಬಹುದು. ಮರ, ಕಟ್ಟಡ ಸೇರಿಸಿದ ಮೇಲೆ ಒಟ್ಟು ಮೊತ್ತದಷ್ಟೇ ಇನ್ನೊಂದು ಮೊತ್ತ, ಅಂದರೆ ನೂರಕ್ಕೆ ನೂರು ಸೊಲೇಶಿಯಂ. ನಮ್ಮ ಕಡೆ ಕ್ರಯಪತ್ರದಲ್ಲಿ ಕಡಿಮೆ ಬೆಲೆ ಕಾಣಿಸುವ ಕೆಟ್ಟ ಚಾಳಿಯಿದೆ. ಸ್ವಾಧೀನ ಬಂದಾಗ ಅದು ಇಡೀ ಊರಿನ ಹೊಟ್ಟೆಯ ಮೇಲೆ ಹೊಡೆಯುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಒಳ್ಳೆ ಬೆಲೆ ಕಂಡ ಪತ್ರಗಳ ದೃಢೀಕೃತ ನಕಲು ತರುವುದು ಊರವರೆಲ್ಲ ಸೇರಿ ಮಾಡಬೇಕಾದ ಕೆಲಸ.

ಅಧಿಕಾರಿಗಳು ಸಮ್ಮತಿ ಕರಾರು ತಂದು "ಬೇಗ ದುಡ್ಡು ಬರುತ್ತೆ" ಅನ್ನುತ್ತಾರೆ. ಕೆಲವೊಮ್ಮೆ ಅದೇ ಒಳ್ಳೆಯ ದರವೂ ಆಗಿರಬಹುದು. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಹೆಚ್ಚಿನ ಪರಿಹಾರಕ್ಕೆ ಕೋರ್ಟಿನ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಒಂದು ರಾತ್ರಿ ಕರಾರನ್ನು ನಿನ್ನ ಬಳಿ ಇಟ್ಟುಕೋ, ವಕೀಲರಿಗೆ ಓದಿಸು. ನಿನ್ನ ಒಪ್ಪಿಗೆಯಿಲ್ಲದೆ ಅಧಿಕಾರಿಯೇ ಪರಿಹಾರ ಗೊತ್ತುಮಾಡಿ ಆದೇಶ, ಅಂದರೆ ಅವಾರ್ಡ್, ಹೊರಡಿಸಿದರೆ, ದುಡ್ಡು ಪಡೆಯುವಾಗ "ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ" ಎಂದು ಬರೆದೇ ಸಹಿ ಮಾಡು. ಆ ಒಂದು ಸಾಲು ಇಲ್ಲದಿದ್ದರೆ ಹೆಚ್ಚಿನ ಪರಿಹಾರ ಕೇಳುವ ಹಕ್ಕೇ ಕೈತಪ್ಪಬಹುದು. 2013ರ ಕಾಯಿದೆಯಡಿ ಅವಾರ್ಡ್ ಹೇಳಿದಾಗ ನೀನು ಎದುರಿಗಿದ್ದರೆ ಹೆಚ್ಚಿನ ಪರಿಹಾರದ ಅರ್ಜಿಗೆ ಆರೇ ವಾರ.

ವಕೀಲರನ್ನು ಆರಿಸುವಾಗ ಭೂಸ್ವಾಧೀನದ ಕೇಸು ನಡೆಸಿದವರನ್ನೇ ಹುಡುಕು. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಮಾತಾಡಿಕೊಳ್ಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಹಾಗೆ ಕೇಳುವವರಿಂದ, ಅವರನ್ನು ಕರೆತರುವ ದಳ್ಳಾಳಿಗಳಿಂದ ದೂರ ಇರು. ಫೀಜು ಮೊದಲೇ ಗೊತ್ತುಮಾಡಿಕೋ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಕೊಡಬೇಡ.

ಫೀಜಿಗೆ ದುಡ್ಡಿಲ್ಲವೆಂದು ಜನ ಸುಮ್ಮನಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಉಳಿದವರಿಗೆ ಆದಾಯದ ಮಿತಿಯಿದೆ. ಹೋಗುವ ಮುಂಚೆ 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನಿಮ್ಮ ಮನೆಯ ಪಹಣಿ ಅಮ್ಮನ ಹೆಸರಲ್ಲಿದ್ದರೆ ಅರ್ಜಿಯನ್ನು ಅಮ್ಮನಿಂದಲೇ ಹಾಕಿಸು. ಆಧಾರ್, ಪಹಣಿ, ನೋಟಿಸಿನ ನಕಲು ಕೈಯಲ್ಲಿರಲಿ, ಸೋಮವಾರ ಬೆಳಿಗ್ಗೆಯೇ ಹೊರಡಿ.