ಸೀಸದ ಗುಂಡು ಮತ್ತು ಎರಕದ ಅಚ್ಚು

ಬೀಸುಬಲೆಯನ್ನು ಕಾಣದ ವಿದ್ಯಾರ್ಥಿ ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಇರಲಾರನು. ಚಂದ್ರಗಿರಿ ಹೊಳೆಯಲ್ಲಿ ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಬೀಸಿದ ಬಲೆಯು ಗಾಳಿಯಲ್ಲಿ ಕೊಡೆಯಂತೆ ಅರಳಿ, ನೀರಿಗೆ ಬಿದ್ದೊಡನೆ ಅಂಚಿನ ಕಡೆಯಿಂದ ಮುಳುಗುತ್ತದೆ. ಬರಿಯ ನೈಲಾನ್ ಬಲೆ ತಾನಾಗಿ ಮುಳುಗುವುದು ತೀರ ನಿಧಾನ. ಅಷ್ಟರೊಳಗೆ ಮೀನು ತಪ್ಪಿಸಿಕೊಂಡು ಹೋಗುವುದು. ಅಂಚಿನ ಹಗ್ಗಕ್ಕೆ ಸಾಲಾಗಿ ಪೋಣಿಸಿದ ಸೀಸದ ಗುಂಡುಗಳೇ ಅದನ್ನು ತಳಕ್ಕೆ ಎಳೆಯುತ್ತವೆ. ಗಾಳದ ದಾರಕ್ಕೂ ಇಂತಹ ಗುಂಡು ಬೇಕು. ಕೊಕ್ಕೆಯ ಕುತ್ತಿಗೆಗೇ ಸೀಸದ ತಲೆಯನ್ನು ಹೊಯ್ದು ಮಾಡಿದ ಗಾಳವೂ ಉಂಟು. ಅಂಗಡಿಯವರು ಅದನ್ನು ಜಿಗ್ ಎನ್ನುತ್ತಾರೆ. ಇವುಗಳನ್ನು ಕೊಂಡು ತರುವವರಿರುವಂತೆಯೇ, ಹಳೆಯ ಸೀಸವನ್ನು ಕರಗಿಸಿ ಮನೆಯಲ್ಲಿಯೇ ಎರಕ ಹೊಯ್ದುಕೊಳ್ಳುವವರೂ ಇದ್ದಾರೆ. ಆ ಕೆಲಸದಲ್ಲಿ ಕಲಿಯತಕ್ಕದ್ದು ಬಹಳ ಇದೆ, ಬಿಡತಕ್ಕದ್ದೂ ಇದೆ. ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಒಟ್ಟಿಗೆ ಕುಳಿತು ಓದಲೆಂದು ಈ ಪಾಠವನ್ನು ಬರೆದಿದ್ದೇನೆ.

ಅಚ್ಚು ಎಂಬ ಮಾತು ನಮಗೆ ಹೊಸತಲ್ಲ. ಕುದಿಸಿದ ಕಬ್ಬಿನ ಪಾಕವನ್ನು ಅಚ್ಚಿಗೆ ಹೊಯ್ದರೆ ಅಚ್ಚುಬೆಲ್ಲ. ಪುಸ್ತಕ ಮುದ್ರಿಸುವುದನ್ನೂ ಅಚ್ಚು ಹಾಕುವುದೆಂದೇ ಹೇಳುತ್ತೇವೆ. ಅಕ್ಷರದ ಮೊಳೆಗಳು ಸೀಸ, ತವರ, ಆಂಟಿಮನಿಗಳ ಮಿಶ್ರಲೋಹದಿಂದ ಎರಕ ಹೊಯ್ದವಾಗಿದ್ದವು. ಒಂದು ಕಾಲದಲ್ಲಿ ಶಾಲೆಗಳ ವಾರ್ಷಿಕ ಸಂಚಿಕೆಗಳು ಅಂತಹ ಮೊಳೆಗಳನ್ನು ಒಂದೊಂದಾಗಿ ಜೋಡಿಸಿಯೇ ಹೊರಬರುತ್ತಿದ್ದವು. ದ್ರವವಾಗಿದ್ದಾಗ ಪಾತ್ರೆಯ ಆಕಾರವನ್ನು ತಾಳಿ, ಘನವಾದ ಮೇಲೆ ಅದನ್ನೇ ಉಳಿಸಿಕೊಳ್ಳುವುದು: ಎರಕದ ತತ್ತ್ವ ಇಷ್ಟೇ. (ಪ್ರಸಂಗವಶಾತ್ ಒಂದು ಮಾತು: ಹಿರಿಯರು ಸೀಸದ ಕಡ್ಡಿ ಎಂದು ಕರೆಯುವ ಪೆನ್ಸಿಲಿನಲ್ಲಿ ಸೀಸವು ಲೇಶವೂ ಇಲ್ಲ. ಅಲ್ಲಿರುವುದು ಗ್ರಾಫೈಟ್ ಎಂಬ ಇಂಗಾಲದ ರೂಪ.)

ಇಷ್ಟೊಂದು ಲೋಹಗಳಿರುವಾಗ ಮೀನುಗಾರರು ಸೀಸವನ್ನೇ ಏಕೆ ಆರಿಸಿಕೊಂಡರು? ತರಗತಿಯಲ್ಲಿ ಕೇಳಿದರೆ, ಅದು ಭಾರವಾದುದರಿಂದ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಅರ್ಧ ಮಾತ್ರ ಸರಿ. ಆರ್ಕಿಮಿಡೀಸನ ನಿಯಮವನ್ನು ಹಿಡಿದು ಲೆಕ್ಕ ಹಾಕೋಣ. ಒಂದು ಘನ ಸೆಂಟಿಮೀಟರ್ ಸೀಸದ ತೂಕ ೧೧.೩೪ ಗ್ರಾಂ. ಆದುದರಿಂದ ೧೦೦ ಗ್ರಾಂ ಸೀಸದ ಗಾತ್ರ ಸುಮಾರು ೮.೮ ಘನ ಸೆಂಟಿಮೀಟರ್. ಅದು ಸಮುದ್ರದಲ್ಲಿ ಮುಳುಗಿದಾಗ ಪಲ್ಲಟಗೊಳಿಸುವ ನೀರಿನ ತೂಕ ಸುಮಾರು ೯ ಗ್ರಾಂ. ನೀರಿನೊಳಗೆ ಅದರ ತೂಕವಾಗಿ ಉಳಿಯುವುದು ೯೧ ಗ್ರಾಂ. ಇನ್ನು ಕಬ್ಬಿಣವನ್ನು ತೆಗೆದುಕೊಳ್ಳಿ. ಅದರ ಸಾಂದ್ರತೆ ೭.೮೭. ನೀರಿನೊಳಗೆ ಅದೇ ೯೧ ಗ್ರಾಂ ಉಳಿಯಬೇಕಾದರೆ ಎಷ್ಟು ಕಬ್ಬಿಣ ಬೇಕು? ಕೇವಲ ೧೦೫ ಗ್ರಾಂ! ಗಾತ್ರವು ಒಂದೂವರೆ ಪಟ್ಟು ಆಗುತ್ತದೆ, ಅಷ್ಟೇ. ಹಾಗಿದ್ದೂ ಸೀಸವೇ ಗೆದ್ದಿತೇಕೆಂದರೆ, ಕಬ್ಬಿಣ ಕರಗುವುದು ೧೫೩೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಸೀಸ ಕರಗುವುದು ೩೨೭ ಡಿಗ್ರಿಯಲ್ಲಿ. ತೆಂಗಿನ ಗೆರಟೆಯ ಬೆಂಕಿಗೇ ಅದು ನೀರಾಗುತ್ತದೆ. ಮೇಲಾಗಿ ಅದು ಮೆದು. ಇಕ್ಕಳದಿಂದ ಒತ್ತಿದರೆ ದಾರವನ್ನು ಕಚ್ಚಿಕೊಳ್ಳುತ್ತದೆ. ಸೀಸಕ್ಕೆ ಈ ಪಟ್ಟವನ್ನು ಕಟ್ಟಿದ್ದು ಅದರ ಭಾರಕ್ಕಿಂತ ಹೆಚ್ಚಾಗಿ ಅದರ ಸುಲಭತೆ. ಅಡುಗೆಯ ಒಲೆಯವರೆಗೆ ಅದು ಬಂದುದೂ ಆ ಸುಲಭತೆಯಿಂದಲೇ.

ಮನೆಯಲ್ಲಿ ಅಚ್ಚನ್ನು ಮಾಡುವ ಬಗೆಗಳು ಹಲವು. ಜೇಡಿಮಣ್ಣಿನ ಅಚ್ಚು ಒಂದೆರಡು ಬಾರಿಗೆ ಬಂದೀತು. ಮರದ್ದು ಪ್ರತಿ ಎರಕಕ್ಕೂ ಒಳಗಿಂದ ಸುಟ್ಟು ಕರಿಯಾಗುತ್ತ ಹೋಗುತ್ತದೆ. ಬಳಪದ ಕಲ್ಲಿನಲ್ಲಿ ಕೊರೆದದ್ದು ಬಹುಕಾಲ ಬಾಳುತ್ತದೆ, ಆದರೆ ಕೊರೆಯುವ ಕೈ ಬೇಕು. ವಿದ್ಯಾರ್ಥಿಗಳ ಅಭ್ಯಾಸಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸಿನ ಎರಡು ಹೋಳಿನ ಅಚ್ಚೇ ಉತ್ತಮವೆಂದು ನನ್ನ ಅಭಿಪ್ರಾಯ.

ಮೊದಲು ಗುಂಡಿನ ಮಾದರಿಯನ್ನು ಮೆದು ಮರದಲ್ಲಿ ಕೆತ್ತಿಕೊಳ್ಳಬೇಕು. ಮಾದರಿಯು ಎಲ್ಲಿ ಅತ್ಯಂತ ಅಗಲವಾಗಿದೆಯೋ ಆ ಗೆರೆಯಲ್ಲಿಯೇ ಅಚ್ಚು ಎರಡಾಗಿ ಬಿಚ್ಚಿಕೊಳ್ಳತಕ್ಕದ್ದು. ಗೆರೆ ತಪ್ಪಿದರೆ ಮಾದರಿ ಒಳಗೆ ಸಿಕ್ಕಿಬಿದ್ದು, ಅಚ್ಚನ್ನೇ ಒಡೆಯಬೇಕಾದೀತು. ಸಣ್ಣ ಹಲಗೆಪೆಟ್ಟಿಗೆಯಲ್ಲಿ ಹದವಾದ ಜೇಡಿಮಣ್ಣನ್ನು ಹರಡಿ, ಮಾದರಿಯನ್ನು ಆ ಗೆರೆಯವರೆಗೆ ಹುಗಿದು, ಪಕ್ಕದ ಮಣ್ಣಿನಲ್ಲಿ ಬೆರಳ ತುದಿಯಿಂದ ಎರಡು ಕುಳಿಗಳನ್ನು ಒತ್ತಬೇಕು. ಮಾದರಿಗೆ ಎಣ್ಣೆ ಸವರಬೇಕು. ಬಳಿಕ ಪ್ಲಾಸ್ಟರನ್ನು ಕಲಸಬೇಕು. ನೀರಿಗೆ ಪುಡಿಯನ್ನು ಉದುರಿಸಬೇಕೇ ಹೊರತು ಪುಡಿಗೆ ನೀರನ್ನು ಹೊಯ್ಯಕೂಡದು; ಹೊಯ್ದರೆ ಗಂಟುಕಟ್ಟುತ್ತದೆ. ದೋಸೆಹಿಟ್ಟಿನಷ್ಟು ದಪ್ಪವಾದಾಗ ಮಾದರಿಯ ಮೇಲೆ ಹೊಯ್ಯಬೇಕು. ಗಟ್ಟಿಯಾಗುವಾಗ ಅದು ಬೆಚ್ಚಗಾಗುವುದನ್ನು ಕೈಯಿಂದ ಮುಟ್ಟಿ ತಿಳಿಯಿರಿ. ಪುಡಿಯು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಮರಳಿ ಜಿಪ್ಸಮ್ ಆಗುತ್ತಿರುವುದರ ಗುರುತು ಅದು. ಗಟ್ಟಿಯಾದ ಹೋಳನ್ನು ಮಗುಚಿ, ಮಣ್ಣನ್ನು ತೆಗೆದು, ಮಾದರಿಯನ್ನು ಅಲ್ಲಿಯೇ ಬಿಟ್ಟು, ಇಡೀ ಮೇಲ್ಮೈಗೆ ಧಾರಾಳವಾಗಿ ಸಾಬೂನು ನೀರನ್ನೋ ಎಣ್ಣೆಯನ್ನೋ ಸವರಿ ಎರಡನೆಯ ಹೋಳನ್ನು ಹೊಯ್ಯಬೇಕು. ಕುಳಿಗಳಿದ್ದಲ್ಲಿ ಈಗ ಉಬ್ಬುಗಳಿರುವುದರಿಂದ ಹೋಳುಗಳು ಪ್ರತಿಬಾರಿಯೂ ಒಂದೇ ರೀತಿ ಕೂಡಿಕೊಳ್ಳುತ್ತವೆ. ಕೊನೆಗೆ ಎರಕದ ಬಾಯಿಯನ್ನೂ, ಒಳಗಿನ ಗಾಳಿ ಹೊರಹೋಗಲು ಸಣ್ಣದೊಂದು ಕಂಡಿಯನ್ನೂ, ಗುಂಡಿನಲ್ಲಿ ರಂಧ್ರ ಉಳಿಯಲು ಅಡ್ಡಲಾಗಿ ಒಂದು ತಂತಿಯನ್ನು ಇಡುವ ಗೀರನ್ನೂ ಕೊರೆಯಬೇಕು. ಜಿಗ್ ಮಾಡುವವರು ತಂತಿಯ ಬದಲಿಗೆ ಕೊಕ್ಕೆಯನ್ನೇ ಅಚ್ಚಿನೊಳಗೆ ಮಲಗಿಸಿ ಮುಚ್ಚುತ್ತಾರೆ.

ಈ ಅಚ್ಚಿಗೆ ಸೀಸವನ್ನು ಹೊಯ್ಯುವವನ ಮೊದಲ ವೈರಿ ನೀರು. ನೀರು ಕುದಿದು ಆವಿಯಾದಾಗ ಅದರ ಗಾತ್ರ ಸುಮಾರು ೧೭೦೦ ಪಟ್ಟು ಹಿಗ್ಗುತ್ತದೆ. ಒಣಗಿದಂತೆ ಕಾಣುವ ಪ್ಲಾಸ್ಟರಿನಲ್ಲಿಯೂ ನೀರು ಅಡಗಿರುವುದರಿಂದ, ಅಚ್ಚಿನೊಳಗಿನ ಒಂದು ಹನಿಯೇ ಕರಗಿದ ಸೀಸವನ್ನು ಮುಖಕ್ಕೆ ಎರಚಬಲ್ಲದು. ಆದರೂ ಈ ವೈರಿ ಸದ್ದುಮಾಡಿ ಬರುವವನು. ಎರಡನೆಯವನು ಸದ್ದಿಲ್ಲದವನು. ಸೀಸವನ್ನು ಕಾಯಿಸಿದಷ್ಟೂ ಅದರ ಹೊಗೆ ಏರುತ್ತದೆ. ಮೇಲೆ ಕಟ್ಟುವ ಕಿಟ್ಟವು ನುಣ್ಣನೆಯ ಪುಡಿಯಾಗಿ ನೆಲಕ್ಕೆ, ಬಟ್ಟೆಗೆ, ಪಾತ್ರೆಗೆ ಅಂಟುತ್ತದೆ. ಅಂಬೆಗಾಲಿಡುವ ಕೂಸು ಆ ನೆಲವನ್ನು ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಸುಣ್ಣದಂಶವೆಂದು ಬಗೆದು ಎಲುಬು ಅದನ್ನು ಕೂಡಿಡುತ್ತದೆ. ತಾಯಿ ಗರ್ಭಿಣಿಯಾದಾಗ ಆ ಸಂಗ್ರಹದಿಂದಲೇ ಶಿಶುವಿಗೆ ಪಾಲು ಹೋಗುತ್ತದೆ. ಹೊರಗೆ ಕಾಣುವುದು ಹೊಟ್ಟೆನೋವು, ರಕ್ತಹೀನತೆ, ಮಂಕು. ಎಷ್ಟೋ ವೇಳೆ ಏನೂ ಕಾಣದು. ಪಾಠ ತಲೆಗೆ ಹತ್ತದ ಹುಡುಗನನ್ನು ನಾವು ದಡ್ಡನೆಂದು ಬೈಯುತ್ತೇವೆ. ಅವನ ರಕ್ತವನ್ನು ಪರೀಕ್ಷಿಸಿದವರು ಯಾರು? ಇಷ್ಟರವರೆಗಾದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಟ್ಟವು ಸೀಸಕ್ಕೆ ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ.

ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಾಕರಿನ ಬಳಿ ತಿಯಾರೊಯ್ ಎಂಬ ಕಡಲತೀರದ ಮೀನುಗಾರರ ಊರಿದೆ. ಅಲ್ಲಿನ ಕಮ್ಮಾರರು ಹಳೆಯ ಬ್ಯಾಟರಿಗಳಿಂದ ಸೀಸವನ್ನು ತೆಗೆದು ಬಲೆಯ ಗುಂಡುಗಳನ್ನು ಹೊಯ್ಯುತ್ತಿದ್ದರು. ಕಾಲಕ್ರಮದಲ್ಲಿ ಸೀಸವು ಅಲ್ಲಿನ ಮಣ್ಣಿನಲ್ಲೆಲ್ಲ ಬೆರೆಯಿತು. ಸೀಸದ ಬೆಲೆ ಏರಿದಾಗ ಹೆಂಗಸರು ಆ ಮಣ್ಣನ್ನೇ ಜರಡಿಯಾಡಿ ಮಾರತೊಡಗಿದರು. ೨೦೦೭ರ ನವೆಂಬರಿನಿಂದ ೨೦೦೮ರ ಮಾರ್ಚಿಯೊಳಗೆ ಅಲ್ಲಿ ೧೮ ಮಕ್ಕಳು ತೀರಿಕೊಂಡರು. ಹಕ್ಕಿಗಳೂ ಇದರಿಂದ ಪಾರಾಗಿಲ್ಲ. ಇಂಗ್ಲೆಂಡಿನ ಹೊಳೆಗಳಲ್ಲಿ ಗಾಳದಿಂದ ಕಳಚಿ ಬಿದ್ದ ಗುಂಡುಗಳನ್ನು ಹರಳೆಂದು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ, ೧೯೮೭ರಲ್ಲಿ ಅಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಷೇಧಿಸಿದರು.

ತಂದೆತಾಯಿಗಳಲ್ಲಿ ಕೆಲವು ವಿನಂತಿಗಳಿವೆ. ಸೀಸವನ್ನು ಮನೆಯ ಒಲೆಯಲ್ಲಿ, ಅಡುಗೆಯ ಪಾತ್ರೆಯಲ್ಲಿ ಖಂಡಿತ ಕರಗಿಸಬೇಡಿ. ಬ್ಯಾಟರಿಯನ್ನು ಒಡೆಯಲೇಬೇಡಿ; ಅದರ ಆಮ್ಲವೂ ಕೆಡುಕಿನದು. ಹಳೆಯದನ್ನು ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿರಿ. ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸ ಹುಡುಗರಲ್ಲಿದೆ, ಅದನ್ನು ತಪ್ಪಿಸಿರಿ. ಬಲೆಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದೇ ಊಟಕ್ಕೆ ಕೂರಬೇಕು. ಈ ಹಿಂದೆ ಮನೆಯಲ್ಲಿ ಸೀಸದ ಎರಕ ನಡೆದಿದ್ದರೆ, ವೈದ್ಯರಿಗೆ ಅದನ್ನು ತಿಳಿಸಿ ಮಕ್ಕಳ ರಕ್ತದ ಸೀಸವನ್ನು ಪರೀಕ್ಷಿಸಲು ಕೇಳಿರಿ.

ಹಾಗಾದರೆ ನಾವು ಮಾಡಿದ ಅಚ್ಚು ವ್ಯರ್ಥವೇ? ಇಲ್ಲ. ಅದಕ್ಕೆ ಎಣ್ಣೆ ಸವರಿ, ಸಿಮೆಂಟು ಮತ್ತು ಸಣ್ಣ ಮರಳಿನ ಗಾರೆಯನ್ನು ತುಂಬಬಹುದು. ಬರಿಯ ಗಾರೆಯ ಗುಂಡಾದರೆ, ನೀರಿನೊಳಗೆ ೯೧ ಗ್ರಾಂ ಉಳಿಯಲು ಸುಮಾರು ೧೭೦ ಗ್ರಾಂ ಬೇಕು. ಗಾತ್ರವೂ ಸೀಸದ ಎಂಟು ಒಂಬತ್ತು ಪಟ್ಟಾಗುತ್ತದೆ. ಆದುದರಿಂದ ನಡುವೆ ಹಳೆಯ ಕಬ್ಬಿಣದ ನಟ್ಟುಗಳನ್ನು ಇಟ್ಟು ಸುತ್ತಲೂ ಗಾರೆ ತುಂಬಿದರೆ ಗುಂಡು ಚಿಕ್ಕದಾಗುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ತಡವಾಗುತ್ತದೆ. ಬೀಸುಬಲೆಯ ಅಂಚಿಗೆ ಇದು ಒಗ್ಗದು. ಗಾಳಕ್ಕೂ ನಿಲ್ಲಿಸಿ ಕಟ್ಟುವ ಬಲೆಗೂ ಸಾಕು. ಹಸಿ ಸಿಮೆಂಟು ಚರ್ಮವನ್ನು ಸುಡುವುದರಿಂದ ಬರಿಗೈಯಿಂದ ಕಲಸಬಾರದು. ಮರುದಿನ ಅಚ್ಚನ್ನು ಬಿಚ್ಚಿ, ಗುಂಡನ್ನು ಒಂದು ವಾರ ನೀರಿನಲ್ಲಿಟ್ಟು ಗಟ್ಟಿಮಾಡಬೇಕು.

ಎಂಟನೆಯ ಮತ್ತು ಒಂಬತ್ತನೆಯ ತರಗತಿಯವರಿಗೆ ಅಭ್ಯಾಸ: ನಿಮ್ಮ ಗುಂಡನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಮೊದಲು ಗಾಳಿಯಲ್ಲಿಯೂ, ಅನಂತರ ಬಾವಿಯ ನೀರು ತುಂಬಿದ ಬಕೆಟ್ಟಿನಲ್ಲಿಯೂ, ಕೊನೆಗೆ ಸಮುದ್ರದ ನೀರಿನಲ್ಲಿಯೂ ತೂಗಿರಿ. ಮೂರು ಅಂಕೆಗಳಿಂದ ಗುಂಡಿನ ಸಾಂದ್ರತೆಯನ್ನೂ ಸಮುದ್ರದ ನೀರಿನ ಸಾಂದ್ರತೆಯನ್ನೂ ಕಂಡುಹಿಡಿಯಿರಿ.