ಆಲೋಚನೆಯ ಹತ್ತು ದೋಷಗಳು: ಕಾರಣವೂ ನೆಪವೂ

ವ್ರತಭಂಗವಾದಾಗ ಮನುಷ್ಯನಿಗೆ ಮೊದಲು ನೆನಪಾಗುವುದು ಪ್ರಾಯಶ್ಚಿತ್ತವಲ್ಲ, ಕಾರಣ. ‘ಬಸ್ಸು ತಡವಾಯಿತು’, ‘ನೆಂಟರು ಬಿಡಲಿಲ್ಲ’, ‘ತಲೆ ಸುತ್ತಿ ಬಂತು’ ಎಂಬ ಮಾತುಗಳು ತಾವಾಗಿ ಹೊರಡುತ್ತವೆ. ಇವೆಲ್ಲ ಸುಳ್ಳೆಂದಲ್ಲ, ಆದರೆ ನಿಜವಾದ ಕಾರಣವೂ ನೆಪವಾಗಬಲ್ಲುದು.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಹೇಳಿದ 9 ವಿಧದ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ. ಇಲ್ಲಿ ಆ ಪದಕ್ಕೆ ಚಿಂತನೆಯೆಂಬ ರೂಢಿಯ ಅರ್ಥವಿಲ್ಲ. ಗುರುವಿನಲ್ಲಿ ತನ್ನ ಪ್ರಮಾದವನ್ನು ನಿವೇದಿಸುವುದೆಂದರ್ಥ. ಆ ನಿವೇದನೆ 10 ದೋಷಗಳಿಂದ ರಹಿತವಾಗಿರಬೇಕೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿಧಿಸಿದ್ದಾರೆ.

ಗುರುವಿಗೆ ಉಪಕರಣಾದಿಗಳನ್ನಿತ್ತು ಕರುಣೆ ಹುಟ್ಟಿಸಿ ಹೇಳುವುದು ಆಕಂಪಿತ. ದೇಹದೌರ್ಬಲ್ಯವನ್ನು ಮುಂದಿಟ್ಟು ಅಲ್ಪ ಪ್ರಾಯಶ್ಚಿತ್ತವನ್ನು ಬಯಸುವುದು ಅನುಮಾನಿತ. ಪರರು ಕಂಡುದನ್ನಷ್ಟೇ ಒಪ್ಪುವುದು ದೃಷ್ಟ. ದೊಡ್ಡದನ್ನು ಹೇಳಿ ಚಿಕ್ಕದನ್ನು ಬಿಡುವುದು ಬಾದರ. ಚಿಕ್ಕದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ‘ಇಂಥ ದೋಷಕ್ಕೆ ಏನು ಪ್ರಾಯಶ್ಚಿತ್ತ?’ ಎಂದು ಪರರದೆಂಬಂತೆ ಕೇಳುವುದು ಛನ್ನ. ಬಹುಜನರ ಗದ್ದಲದಲ್ಲಿ ಹೇಳಿ ಮುಗಿಸುವುದು ಶಬ್ದಾಕುಲಿತ. ಗುರು ಕೊಟ್ಟುದು ಸರಿಯೇ ಎಂದು ಹಲವರನ್ನು ವಿಚಾರಿಸುವುದು ಬಹುಜನ. ತಿಳಿವಳಿಕೆಯಿಲ್ಲದವನಲ್ಲಿ ಹೇಳುವುದು ಅವ್ಯಕ್ತ. ಅದೇ ದೋಷವುಳ್ಳವನಲ್ಲಿ ಹೇಳುವುದು ತತ್ಸೇವಿ.

ಇವು ಮುನಿಗಳಿಗಾಗಿ ಹೇಳಿದವಾದರೂ ಗೃಹಸ್ಥನ ಮನೆಯಲ್ಲಿಯೂ ದಿನನಿತ್ಯ ಕಾಣುತ್ತವೆ. ರಾತ್ರಿಭೋಜನ ತ್ಯಾಗ ಮಾಡಿದ ಶ್ರಾವಕನೊಬ್ಬನು ಮದುವೆಮನೆಯಲ್ಲಿ ಸೂರ್ಯಾಸ್ತದ ಬಳಿಕ ಉಂಡನೆನ್ನೋಣ. ತಾನೂ ಹಾಗೆಯೇ ಉಂಡ ಮಿತ್ರನೊಡನೆ ಅದನ್ನು ಹೇಳಿಕೊಂಡರೆ ‘ಅದರಲ್ಲೇನು!’ ಎಂಬ ಸಮಾಧಾನವಷ್ಟೇ ದೊರೆಯುತ್ತದೆ. ಯಾರೂ ನೋಡದಿದ್ದರೆ ಹೇಳುವುದೇ ಇಲ್ಲ. ಹೀಗೆ ವ್ರತ ಮುರಿದುದು ಒಮ್ಮೆ. ಅದನ್ನು ಸಮರ್ಥಿಸುವ ಅಭ್ಯಾಸವಾದರೋ ಮುಂದಿನ ಭಂಗಕ್ಕೆ ದಾರಿಯಾಗುತ್ತದೆ. ಕೇಳುತ್ತಿರುವ ಮಕ್ಕಳು ವ್ರತಕ್ಕಿಂತ ಮೊದಲು ನೆಪವನ್ನು ಕಲಿಯುತ್ತಾರೆ.

ಹಾಗಾದರೆ ರೋಗಿಯು ತನ್ನ ರೋಗವನ್ನು ಹೇಳಬಾರದೆ? ಅವಶ್ಯವಾಗಿ ಹೇಳಬೇಕು. ದೇಶ, ಕಾಲ, ಶಕ್ತಿಗಳನ್ನು ತಿಳಿಯದೆ ಗುರುವು ಪ್ರಾಯಶ್ಚಿತ್ತ ಕೊಡುವುದೆಂತು? ವೈದ್ಯನಿಗೆ ಹೇಳುವ ಕಾರಣ ಚಿಕಿತ್ಸೆಗೆ ನೆರವಾಗುತ್ತದೆ. ರೋಗವೇ ಇಲ್ಲವೆಂದು ಸಾಧಿಸಲು ಹೇಳುವ ಕಾರಣ ರೋಗವನ್ನು ಬೆಳೆಸುತ್ತದೆ. ಮಾತು ಒಂದೇ ಇರಬಹುದು, ಉದ್ದೇಶ ಬೇರೆ. ಮೊದಲನೆಯದು ಆರ್ಜವ, ಎರಡನೆಯದು ಮಾಯಾಕಷಾಯ.

ಆದುದರಿಂದ ವ್ರತಿಗಳು ಒಂದು ಕ್ರಮವನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಮೊದಲು ‘ನನ್ನಿಂದ ಇಂಥ ದೋಷವಾಯಿತು’ ಎಂದು ಪೂರ್ಣವಾಗಿ ನುಡಿಯಬೇಕು. ಅನಂತರವೇ ಸಂದರ್ಭವನ್ನು ಅರುಹಬೇಕು. ‘ಆದರೆ’ ಎಂಬ ಪದವನ್ನು ಇವೆರಡರ ನಡುವೆ ತರಬಾರದು. ಕೊಟ್ಟ ಪ್ರಾಯಶ್ಚಿತ್ತವನ್ನು ಚೌಕಾಸಿಯಿಲ್ಲದೆ ಸ್ವೀಕರಿಸಬೇಕು. ಉಪವಾಸದಿಂದ ದೇಹ ಕೃಶವಾಗುವಂತೆ ಇಂಥ ನಿವೇದನೆಯಿಂದ ಮಾನಕಷಾಯ ಕೃಶವಾಗುತ್ತದೆ.