ಲಿಂಗಸುಗೂರಿನ ಊರು ಮಸ್ಕಿಗೆ ಹೋದರೆ

ಡೇಟಾಬೇಸನ್ನು ತಲೆಕೆಳಗಾಗಿ ಕಲಿತವರಲ್ಲಿ ನಾನೂ ಒಬ್ಬ: ಮೊದಲು ಮಾಂಗೋಡಿಬಿ, ಆಮೇಲೆ ಕ್ಲೌಡ್, ಕಟ್ಟಕಡೆಗೆ ರಿಲೇಷನಲ್ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್. ಅರ್ಧ ತಪ್ಪು ನನ್ನ ಹಠದ್ದು, ಇನ್ನರ್ಧ ಕೆಲವೇ ತಿಂಗಳಲ್ಲಿ ಬ್ಯಾಕ್‌ಎಂಡ್ ಕಲಿಸುತ್ತೇವೆಂದು ಫೀ ಕಟ್ಟಿಸಿಕೊಳ್ಳುವವರದ್ದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹುಡುಗರು ಹುಡುಗಿಯರು ಈ ಸುತ್ತುದಾರಿ ಹಿಡಿಯಬೇಕಿಲ್ಲ. ರಿಲೇಷನಲ್ ಡೇಟಾಬೇಸನ್ನೇ ಮೊದಲು ಯಾಕೆ ಕಲಿಯಬೇಕೆಂಬುದಕ್ಕೆ ಈ ಮೂರು ತಾಲ್ಲೂಕುಗಳ ನಕ್ಷೆಯೇ ಸಾಕ್ಷಿ.

2018ರಲ್ಲಿ ಮಸ್ಕಿ ತಾಲ್ಲೂಕಾಯಿತು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳು ಅದಕ್ಕೆ ಸೇರಿದವು. ಊರು ಇದ್ದಲ್ಲೇ ಇತ್ತು, ಹೊಲವೂ ಅದೇ, ಬದಲಾದದ್ದು ತಾಲ್ಲೂಕು. ರೈತರ ವಿವರವಿಡುವ ಒಂದು ಆ್ಯಪ್ ಇದೆ ಎನ್ನಿ. ಪ್ರತಿ ರೈತನ ದಾಖಲೆಯೊಳಗೂ ತಾಲ್ಲೂಕಿನ ಹೆಸರನ್ನು ಅಕ್ಷರದಲ್ಲೇ ಬರೆದಿಟ್ಟಿದ್ದರೆ, ಆ ಹಳ್ಳಿಗಳ ಒಂದೊಂದು ದಾಖಲೆಯನ್ನೂ ಹುಡುಕಿ ತಿದ್ದಬೇಕು. ಹೆಸರನ್ನಾದರೂ ಎಲ್ಲರೂ ಒಂದೇ ಥರ ಬರೆದಿರುತ್ತಾರೆಯೇ? ಒಬ್ಬರು ಲಿಂಗಸುಗೂರು, ಇನ್ನೊಬ್ಬರು ಲಿಂಗಸೂಗೂರು, ಮತ್ತೊಬ್ಬರು ಲಿಂಗಸೂರು. ಮೊದಲ ಎರಡನ್ನು ತಿದ್ದಿ ಮೂರನೆಯದನ್ನು ಮರೆತರೆ ಆ ರೈತರು ಮಸ್ಕಿಯ ಪಟ್ಟಿಗೆ ಬರುವುದೇ ಇಲ್ಲ. ಪರದೆಯ ಮೇಲೆ ಕೆಂಪು ಅಕ್ಷರದ ಒಂದು ಎಚ್ಚರಿಕೆಯೂ ಮೂಡುವುದಿಲ್ಲ. ತಪ್ಪು ಗೊತ್ತಾಗುವುದು ರೈತ ಕಚೇರಿಯ ಕಿಟಕಿಗೆ ಬಂದು ನಿಂತಾಗ. ಅದೇ ಹಳ್ಳಿಗಳಿಗೊಂದು ಟೇಬಲ್, ತಾಲ್ಲೂಕುಗಳಿಗೊಂದು ಟೇಬಲ್ ಮಾಡಿ, ನಡುವೆ ಒಂದು ಸಂಖ್ಯೆಯ ಕೊಂಡಿ ಹಾಕಿದ್ದರೆ, ಹಳ್ಳಿಗೆ ಒಂದೇ ಸಾಲು ತಿದ್ದಿದರೆ ಮುಗಿಯಿತು. ರೈತರ ಸಾಲುಗಳನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. 1970ರಲ್ಲಿ ಐಬಿಎಂನ ಇ.ಎಫ್. ಕಾಡ್ ಮುಂದಿಟ್ಟ ರಿಲೇಷನಲ್ ಮಾದರಿ ಕೊಡುವ ಅನುಕೂಲ ಇದೇ.

ಹೆಸರನ್ನು ಗುರುತಾಗಿ ನಂಬಬಾರದೆಂದು ಮಸ್ಕಿಯ ಬಂಡೆಯೂ ಹೇಳುತ್ತದೆ. ಅಶೋಕನ ಬಹುಪಾಲು ಶಾಸನಗಳಲ್ಲಿರುವುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ ದೇವಾನಾಂಪ್ರಿಯನೂ ಅಶೋಕನೂ ಒಬ್ಬನೇ ಎಂಬುದು ಗಟ್ಟಿಯಾಯಿತು. ಎರಡು ಟೇಬಲ್ ಜೋಡಿಸುವ ಸಾಲು ಅಂದರೆ ಅದು!

ಹಳ್ಳಿಗೆ ಒಂದೇ ಸಾಲು ತಿದ್ದುವ ಉಪಾಯಕ್ಕೊಂದು ಆಕ್ಷೇಪವಿದೆ, ನ್ಯಾಯವಾದದ್ದೇ: ರೈತನಿಗೆ ಕೊಟ್ಟ 2016ರ ರಸೀದಿಯಲ್ಲಿ ಲಿಂಗಸುಗೂರು ಎಂದೇ ಇರಬೇಕಲ್ಲ? ಹೌದು. ಅಂದು ಕೊಟ್ಟದ್ದನ್ನು ಅಂದಿನಂತೆಯೇ ಇಡಲು, ಎಲ್ಲವನ್ನೂ ಒಂದೇ ದಾಖಲೆಯೊಳಗೆ ಬರೆದಿಡುವ ಮಾಂಗೋಡಿಬಿಯ ಡಾಕ್ಯುಮೆಂಟ್ ಮಾದರಿ ಚೆನ್ನ. ಆದರೆ ಯಾವುದು ಬದಲಾಗಬೇಕು, ಯಾವುದು ಕೂಡದು ಎಂದು ಬಿಡಿಸಿ ನೋಡುವ ಕಣ್ಣು ಟೇಬಲ್ ಕಲಿತವರಿಗೆ ಬೇಗ ಬರುತ್ತದೆ. ಅಳತೆಯನ್ನೂ ಹೀಗೆಯೇ ಬಿಡಿಸಿ ಬರೆಯಬೇಕು, ಸಿಂಧನೂರಿನ ಭತ್ತದ ಲೆಕ್ಕ ನೋಡಿ. ಮಾತು ನಡೆಯುವುದು 75 ಕೆ.ಜಿ. ಚೀಲದಲ್ಲಿ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ. ನಿಯಮ ಹಾಕದ ಡಾಕ್ಯುಮೆಂಟಿನಲ್ಲಿ ಪ್ರಮಾಣ 100 ಎಂದಷ್ಟೇ ಬರೆದರೂ ನಡೆಯುತ್ತದೆ. ಅದು ನೂರು ಚೀಲವೋ ನೂರು ಕ್ವಿಂಟಲೋ? ಇಪ್ಪತ್ತೈದು ಕ್ವಿಂಟಲ್ ಅಲ್ಲೇ ಮಾಯ. ಕಿರ್ದಿಯಲ್ಲಿ ಬರೆದು, ಪುಟ ಸಂಖ್ಯೆ ಹಾಕಿ ಖತಾವಣಿಗೆ ಏರಿಸುತ್ತಿದ್ದ ಹಳೆಯ ಗುಮಾಸ್ತರು ಇದಕ್ಕೆ ಒಪ್ಪುತ್ತಿರಲಿಲ್ಲ.

ಕೆಲಸದ ಜಾಹೀರಾತಿನಲ್ಲಿ ಮಾಂಗೋಡಿಬಿ ಕೇಳುತ್ತಾರಲ್ಲ ಎನ್ನುವಿರಿ. ಕೇಳಲಿ. ಹಲವು ಡಾಕ್ಯುಮೆಂಟುಗಳನ್ನು ಒಟ್ಟಿಗೆ ತಿದ್ದುವ, ಇಲ್ಲವೇ ಒಂದನ್ನೂ ತಿದ್ದದೆ ಬಿಡುವ ಟ್ರಾನ್ಸಾಕ್ಷನ್ ಸೌಲಭ್ಯವನ್ನು ಅದೂ 2018ರಲ್ಲಿ ತರಬೇಕಾಯಿತು. ಇತ್ತ ರಿಲೇಷನಲ್ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ 2014ರಲ್ಲೇ ಟೇಬಲ್ಲಿನೊಳಗೆ ಡಾಕ್ಯುಮೆಂಟನ್ನೇ ಇಡುವ ಜೇಸನ್‌ಬಿ ಕಾಲಂಗೆ ಜಾಗ ಕೊಟ್ಟಿತ್ತು. ಎರಡೂ ಒಂದರ ಮನೆಗೆ ಇನ್ನೊಂದು ಹೋಗಿಬಂದಿವೆ.

ಕ್ಲೌಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆಜಾನ್‌ನ ಕ್ಲೌಡ್ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿ ಓಡುವುದೂ ಅದೇ ಪೋಸ್ಟ್‌ಗ್ರೆಸ್, ಯಂತ್ರ ಮಾತ್ರ ಮುಂಬೈಯಲ್ಲೋ ಹೈದರಾಬಾದಿನಲ್ಲೋ. ಬ್ಯಾಕಪ್ಪನ್ನು ಅವರು ನೋಡಿಕೊಳ್ಳುತ್ತಾರೆ, ತಪ್ಪು ವಿನ್ಯಾಸವನ್ನಲ್ಲ. ಬಿಲ್ಲು ಮಾತ್ರ ಎರಡಕ್ಕೂ ಬರುತ್ತದೆ. ಕಾರ್ಡ್ ನಂಬರ್ ಕೊಡುವ ಮೊದಲು ಹಳೆಯ ಲ್ಯಾಪ್‌ಟಾಪಿನಲ್ಲೇ ಪೋಸ್ಟ್‌ಗ್ರೆಸ್ ಹಾಕಿ, ತಾಲ್ಲೂಕು, ಹಳ್ಳಿ, ರೈತ, ರಸೀದಿ ಎಂದು ನಾಲ್ಕು ಟೇಬಲ್ ಮಾಡಿ. ಒಂದು ಹಳ್ಳಿಯನ್ನು ಲಿಂಗಸುಗೂರಿನಿಂದ ಮಸ್ಕಿಗೆ ಸಾಗಿಸಿ. ಇಂದಿನ ಪಟ್ಟಿಯಲ್ಲಿ ಮಸ್ಕಿ, 2016ರ ರಸೀದಿಯಲ್ಲಿ ಲಿಂಗಸುಗೂರು ಬರುತ್ತದೆಯೇ ನೋಡಿ.